ಎರಡನೆಯ ಹಾಡು

"ಈ ಸಲ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕು ಡಾಕ್ಟ್ರೇ. ಆದರೆ ದಯವಿಟ್ಟು ಶುಗರು, ಬಿ.ಪಿ., ಕೊಲೆಸ್ಟರಾಲ್ ಬೇಡ" ಎಂದು ನಮ್ಮ ಸಂಪಾದಕರು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದರು. ಅವರ ಮಾತೂ ಸರಿಯೇ. ಎಷ್ಟೋ ವರ್ಷಗಳಿಂದ ನಾನು ಈ ಪುಟಗಳಲ್ಲಿ ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ ಎಂದು ಉಪದೇಶಿಸುತ್ತಲೇ ಬಂದಿದ್ದೇನೆ. ನೀವೂ ಅದನ್ನು ಓದಿ, ಹಬ್ಬದೂಟದ ಸಾಲಿನಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಲೇ ಬಂದಿದ್ದೀರಿ. ಆದ್ದರಿಂದ ಈ ಬಾರಿ ಔಷಧದ ಪೆಟ್ಟಿಗೆ ಮುಚ್ಚಿಟ್ಟು ಒಂದು ಫುಟ್‌ಬಾಲ್ ತಂಡದ ಕತೆ ಹೇಳುತ್ತೇನೆ. ಅದರ ಜೊತೆಗೆ, ಇಷ್ಟು ದಿನ ಯಾರಿಗೂ ಹೇಳದ ನನ್ನದೊಂದು ಕತೆಯೂ ಇದೆ.

ನಮ್ಮ ಮನೆ ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ಪೂರ್ವ ದಂಡೆಯ ಒಂದು ಸಣ್ಣ ಊರಿನಲ್ಲಿ. ನ್ಯೂಬರ್ಗ್-ಬೀಕನ್ ಸೇತುವೆ ದಾಟಿ ದಕ್ಷಿಣಕ್ಕೆ ತಿರುಗಿದರೆ ಮುಕ್ಕಾಲು ಗಂಟೆಯೊಳಗೆ ವೆಸ್ಟ್ ಪಾಯಿಂಟ್ ಸಿಗುತ್ತದೆ. 1802ರಲ್ಲಿ ಸ್ಥಾಪನೆಯಾದ, ಅಮೆರಿಕದ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರು ಮಾಡುವ ಮಿಲಿಟರಿ ಕಾಲೇಜು ಅದು. ಊರಿನಿಂದ ಬಂದ ನೆಂಟರಿಷ್ಟರಿಗೆಲ್ಲ ನಯಾಗರ ತೋರಿಸಿದ್ದೇನೆ, ಸ್ವಾತಂತ್ರ್ಯ ದೇವಿಯ ಪ್ರತಿಮೆ ತೋರಿಸಿದ್ದೇನೆ, ಫ್ಲಶಿಂಗ್‌ನ ಗಣೇಶನ ದರ್ಶನ ಮಾಡಿಸಿ ಕ್ಯಾಂಟೀನಿನಲ್ಲಿ ದೋಸೆ ಕೊಡಿಸಿದ್ದೇನೆ. ಆದರೆ ಮಗ್ಗುಲಲ್ಲೇ ಇದ್ದ ವೆಸ್ಟ್ ಪಾಯಿಂಟಿಗೆ ಮಾತ್ರ ಒಬ್ಬರನ್ನೂ ಕರೆದುಕೊಂಡು ಹೋದವನಲ್ಲ. "ಅಲ್ಲೇನಿದೆ, ಬರೀ ಕಲ್ಲಿನ ಕಟ್ಟಡ" ಎಂದು ತಳ್ಳಿಹಾಕುತ್ತಿದ್ದೆ. ಅದಕ್ಕೊಂದು ಕಾರಣವಿತ್ತು.

ನಾನು ಓದಿದ್ದು ಆಗಿನ ಬಿಜಾಪುರದ, ಈಗಿನ ವಿಜಯಪುರದ ಸೈನಿಕ ಶಾಲೆಯಲ್ಲಿ. ಆರನೇ ಇಯತ್ತೆಯಿಂದ ಬೆಳಗಿನ ಜಾವದ ಪಿ.ಟಿ., ಬೂಟಿಗೆ ಪಾಲಿಶ್, ಮಡಿಕೆ ಕೆಡದ ಹಾಸಿಗೆ. ನಮಗೆಲ್ಲ ಇದ್ದದ್ದು ಒಂದೇ ಕನಸು, ಖಡಕ್‌ವಾಸ್ಲಾದ ಎನ್.ಡಿ.ಎ. ನಾನು ಲಿಖಿತ ಪರೀಕ್ಷೆ ಪಾಸಾದೆ, ಸಂದರ್ಶನವೂ ಆಯಿತು. ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣದ ಚುಕ್ಕೆಗಳ ಇಶಿಹಾರಾ ಪುಸ್ತಕವನ್ನು ಮುಂದಿಟ್ಟು "ಯಾವ ಅಂಕಿ ಕಾಣುತ್ತದೆ?" ಎಂದು ಕೇಳಿದರು. ನನಗೆ ಚುಕ್ಕೆಗಳು ಕಂಡವು, ಅಂಕಿ ಕಾಣಲಿಲ್ಲ. ಪುಟ ತಿರುವಿದರು. ಅಲ್ಲೂ ಕಾಣಲಿಲ್ಲ. ನನಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಹದಿನೇಳನೇ ವಯಸ್ಸಿನಲ್ಲಿ, ಆ ಕುರ್ಚಿಯ ಮೇಲೆ ಕುಳಿತಾಗ ಮೊದಲ ಸಲ ಗೊತ್ತಾಯಿತು. 'ಅನ್‌ಫಿಟ್' ಎಂಬ ಒಂದು ಪದ ಬರೆದು ಕಳುಹಿಸಿದರು. ಅದರಲ್ಲಿ ಯಾರದೂ ತಪ್ಪಿಲ್ಲ. ಇವತ್ತು ಆ ಕುರ್ಚಿಯ ಎದುರು ನಾನೇ ಡಾಕ್ಟರಾಗಿ ಕುಳಿತಿದ್ದರೂ ಅದನ್ನೇ ಬರೆಯುತ್ತಿದ್ದೆ.

ಅಪ್ಪ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಏನೂ ಕೇಳದೆ ಟ್ರಂಕು ಕೈಗೆ ತೆಗೆದುಕೊಂಡು "ಮೆಡಿಕಲ್ ಫಾರ್ಮ್ ತುಂಬೂಣು ನಡಿ" ಎಂದರು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಆಯಿತು, ಎಂ.ಡಿ. ಆಯಿತು, ಅಮೆರಿಕವಾಯಿತು, ರೆಸಿಡೆನ್ಸಿಯಾಯಿತು, ಮನೆಯಾಯಿತು. ಬದುಕು ಚೆನ್ನಾಗಿಯೇ ನಡೆಯಿತು. ಆದರೆ ಸಮವಸ್ತ್ರ ಹಾಕಿದ ಹುಡುಗರು ಸಾಲಾಗಿ ನಡೆಯುವುದನ್ನು ಕಂಡರೆ ನಾನು ಟಿವಿ ಚಾನೆಲ್ ಬದಲಾಯಿಸುತ್ತಿದ್ದೆ. ವೆಸ್ಟ್ ಪಾಯಿಂಟಿಗೆ ಹೋಗದಿರಲು ಕಾರಣ ಇಷ್ಟೇ.

ಹೀಗಿರುವಾಗ 2016ರ ಆಗಸ್ಟ್ ತಿಂಗಳ ಒಂದು ರಾತ್ರಿ, ಹನ್ನೆರಡನೇ ತರಗತಿಗೆ ಕಾಲಿಡುತ್ತಿದ್ದ ನಮ್ಮ ಮಗ ಊಟದ ಮೇಜಿನಲ್ಲಿ ಚಪಾತಿ ಮುರಿಯುತ್ತಾ "ಅಪ್ಪಾ, ನಾನು ವೆಸ್ಟ್ ಪಾಯಿಂಟಿಗೆ ಅಪ್ಲೈ ಮಾಡ್ತಾ ಇದ್ದೀನಿ" ಎಂದ. ಮಾಡಲೇ ಎಂದು ಕೇಳಲಿಲ್ಲ, ಮಾಡುತ್ತಿದ್ದೇನೆ ಎಂದ.

ನನ್ನ ತುತ್ತು ಗಂಟಲಲ್ಲೇ ನಿಂತಿತು. ಅಲ್ಲಿ ಓದು ಪುಕ್ಕಟೆ, ಆದರೆ ಪದವಿ ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೈನ್ಯದಲ್ಲಿ ದುಡಿಯಬೇಕು. ಅಫ್ಘಾನಿಸ್ತಾನದಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ. "ನಿನಗೆ ತಲೆ ಕೆಟ್ಟಿದೆಯಾ?" ಎಂದೆ. ಮಾತು ಬೆಳೆಯಿತು. ಸುದ್ದಿ ಹೇಗೋ ಊರಿಗೂ ತಲುಪಿ, ಮರುದಿನವೇ ಅವ್ವ ಫೋನಿನಲ್ಲಿ "ಏನೋ ತಮ್ಮಾ, ಇದ್ದೊಬ್ಬ ಮಗನ್ನ ಮಂದಿ ದೇಶದ ದಂಡಿಗೆ ಕಳಸ್ತೀಯಂತ?" ಎಂದು ಅಳು ತೆಗೆದಳು. ಪಾಟ್‌ಲಕ್ಕಿನಲ್ಲಿ ಗೆಳೆಯರು "ಅಷ್ಟು ಚೆನ್ನಾಗಿ ಓದೋ ಹುಡುಗ, ಕಾರ್ನೆಲ್‌ಗೆ ಹಾಕಿಸಬಾರದೇನ್ರೀ?" ಎಂದು ಮರುಗಿದರು. ಒಬ್ಬರಂತೂ "ಫೀಸಿಗೇನಾದರೂ ತೊಂದರೆಯೇ?" ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು!

ಕೊನೆಗೆ ಪಂಚಾಯಿತಿ ಮಾಡಿದ್ದು ನನ್ನಾಕೆ. "ನೀವು ಆ ಜಾಗ ಕಣ್ಣಿಂದ ನೋಡೇ ಇಲ್ಲ, ಬ್ಯಾಡ ಅಂತೀರಿ. ಅವಂಗ ಫುಟ್‌ಬಾಲ್ ಅಂದ್ರ ಜೀವ. ಈ ಸೀಸನ್ ಪೂರ್ತಿ ಅವನ ಜೋಡಿ ಕೂತು ಆ ಆರ್ಮಿ ಹುಡುಗರ ಆಟ ನೋಡ್ರಿ. ಡಿಸೆಂಬರ್ ತನಕಾ ಇಬ್ರೂ ಜಗಳ ಆಡಬ್ಯಾಡ್ರಿ. ಆಮ್ಯಾಲೂ ಬ್ಯಾಡ ಅನಸಿದ್ರ ಅನ್ರಿ." ನಾನು ಒಪ್ಪಿದೆ. ಒಪ್ಪಲು ಕಾರಣ, ಆ ತಂಡ ಹಿಂದಿನ ವರ್ಷ, ಅಂದರೆ 2015ರಲ್ಲಿ, ಹನ್ನೆರಡು ಪಂದ್ಯಗಳಲ್ಲಿ ಹತ್ತನ್ನು ಸೋತಿತ್ತು. ಇಂಥ ತಂಡವನ್ನು ಮೂರು ತಿಂಗಳು ನೋಡಿದರೆ ಹುಡುಗನ ಹುಚ್ಚು ತಾನಾಗಿ ಇಳಿಯುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಎರಡು ಮಾತು. ಹೆಸರಿಗೆ ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಬೇರೆ ತಂಡಗಳು ಚೆಂಡನ್ನು ದೂರಕ್ಕೆ ಎಸೆದು ಮುನ್ನುಗ್ಗುತ್ತವೆ. ವೆಸ್ಟ್ ಪಾಯಿಂಟಿನ ಆರ್ಮಿ ತಂಡ ಆಗ ಎಸೆಯುತ್ತಿದ್ದದ್ದೇ ಅಪರೂಪ. ದೈತ್ಯಾಕಾರದ ಆಟಗಾರರು ಇಂಥ ಕಾಲೇಜಿಗೆ ಬರುವುದು ಕಡಿಮೆ. ಇಲ್ಲಿನವರು ಮುಂದೆ ಸೈನ್ಯದ ತೂಕದ ಮಿತಿಗೂ ಒಳಪಡಬೇಕು. ಅದಕ್ಕೇ ಅವರು 'ಆಪ್ಷನ್' ಎಂಬ ಹಳೆಯ ಪದ್ಧತಿ ಹಿಡಿದಿದ್ದರು. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್ ಎದುರಾಳಿಯ ಒಬ್ಬನ ಮೇಲೆ ಕಣ್ಣಿಟ್ಟು, ಅವನು ಯಾವ ಕಡೆ ವಾಲುತ್ತಾನೆ ಎಂಬುದನ್ನು ನೋಡಿ, ಚೆಂಡನ್ನು ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ, ಹೊರಗಿನವನಿಗೆ ಎಸೆಯಬೇಕೋ ಎಂದು ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಒಂದೊಂದು ಸಲಕ್ಕೆ ಮೂರು ಗಜ, ನಾಲ್ಕು ಗಜ. ನಮ್ಮ ಕಡೆ ಎರಿ ಹೊಲ ಹರಗಿದ ಹಾಗೆ, ನಿಧಾನ ಆದರೆ ಬಿಡುವಿಲ್ಲ.

ಸೆಪ್ಟೆಂಬರ್ 2ರ ಶುಕ್ರವಾರ ಫಿಲಡೆಲ್ಫಿಯಾದಲ್ಲಿ ಮೊದಲ ಪಂದ್ಯ, ಟೆಂಪಲ್ ವಿಶ್ವವಿದ್ಯಾಲಯದ ಮೇಲೆ. ಟಿವಿಯ ಮುಂದೆ ಕುಳಿತ ನನ್ನ ಲೆಕ್ಕಾಚಾರ ಅಲ್ಲೇ ತಪ್ಪಿತು. ಆರ್ಮಿ 28-13ರಿಂದ ಗೆದ್ದಿತು. ಮಗ ಏನೂ ಹೇಳದೆ ನನ್ನ ಕಡೆ ನೋಡಿ ನಕ್ಕ.

ಸೆಪ್ಟೆಂಬರ್ 10ರ ಶನಿವಾರ ನಾನು ಮೊದಲ ಸಲ ವೆಸ್ಟ್ ಪಾಯಿಂಟಿನ ಒಳಗೆ ಕಾಲಿಟ್ಟೆ. ಗುಡ್ಡದ ಮೇಲೆ, ಒಂದು ಕೆರೆಯ ಪಕ್ಕದಲ್ಲಿ ಮೈಕಿ ಸ್ಟೇಡಿಯಂ. ದೂರದಲ್ಲಿ ಹಡ್ಸನ್. ಪ್ಯಾರಾಶೂಟಿನಲ್ಲಿ ಹುಡುಗರು ಮೈದಾನಕ್ಕೆ ಇಳಿದರು. ಅಂಕ ಬಂದಾಗ ತೋಪು ಹಾರಿತು. ಬೂದು ಸಮವಸ್ತ್ರದ ಕೆಡೆಟ್‌ಗಳು ಪಂದ್ಯದುದ್ದಕ್ಕೂ ನಿಂತೇ ಇದ್ದರು. ನನಗೆ ಬಿಜಾಪುರದ ಶಾಲೆಯ ಪರೇಡ್ ಮೈದಾನ, ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ ಬಂದವು. ಕಣ್ಣಿಗೆ ಬಿಸಿಲು ಹೊಡೆಯುತ್ತಿದೆ ಎಂಬ ನೆಪದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡೆ. ರೈಸ್ ತಂಡದ ಮೇಲೆ ಆರ್ಮಿ 31-14ರಿಂದ ಗೆದ್ದಿತು.

ಪಾರ್ಕಿಂಗ್ ಕಡೆ ನಡೆಯುವಾಗ ಮಗ ಗೈಡಿನ ಹಾಗೆ ವಿವರಿಸುತ್ತಾ ಬಂದ. ಈ ಸ್ಟೇಡಿಯಂ 1924ರದ್ದು. ಡೆನಿಸ್ ಮೈಕಿ ಎಂಬ ಕೆಡೆಟ್ 1890ರಲ್ಲಿ ಆರ್ಮಿ ಮತ್ತು ನೇವಿ ಕಾಲೇಜುಗಳ ನಡುವೆ ಮೊದಲ ಪಂದ್ಯ ಏರ್ಪಡಿಸಿದ. ಆ ಪಂದ್ಯದಲ್ಲಿ ಅವನ ತಂಡ 24-0ಯಿಂದ ಸೋತಿತು. ಎಂಟು ವರ್ಷಗಳ ಮೇಲೆ ಕ್ಯೂಬಾದ ಯುದ್ಧದಲ್ಲಿ ಅವನು ಸತ್ತ. ಪಕ್ಕದಲ್ಲೇ ಇರುವ ಬ್ಯಾಸ್ಕೆಟ್‌ಬಾಲ್ ಕಟ್ಟಡ ಡಾನ್ ಹಾಲಿಡರ್ ಹೆಸರಿನದು. 1954ರಲ್ಲಿ ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬನೆನಿಸಿದ್ದ ಅವನಿಗೆ ಮರುವರ್ಷ ಕೋಚ್ "ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಬೇಕು, ನೀನೇ ಆಗು" ಎಂಬಂತೆ ಸ್ಥಾನ ಬದಲಾಯಿಸಿದರು. ಗೊತ್ತಿಲ್ಲದ ಜಾಗದಲ್ಲಿ ಆಡಿ ಟೀಕೆ ತಿಂದ, ಕೊನೆಗೆ ನೇವಿಯ ಮೇಲೆ ಗೆದ್ದ. 1967ರ ಅಕ್ಟೋಬರಿನಲ್ಲಿ ವಿಯೆಟ್ನಾಂ ಕಾಡಿನಲ್ಲಿ ಗಾಯಗೊಂಡವರ ಕಡೆಗೆ ಓಡುವಾಗ ಗುಂಡಿಗೆ ಬಲಿಯಾದ.

"ನೋಡಿದೆಯಾ, ಇಲ್ಲಿ ಕಟ್ಟಡಗಳಿಗೆ ಸತ್ತವರ ಹೆಸರೇ ಇಡುತ್ತಾರೆ" ಎಂದೆ ನಾನು, ವಾದದಲ್ಲಿ ಒಂದು ಅಂಕ ಗಳಿಸಿದವನಂತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅವರು ಸತ್ತರು ಅಂತ ಅಲ್ಲ, ಹೇಗಿದ್ದರು ಅಂತ ಇಟ್ಟಿದ್ದಾರೆ" ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಭಾನುವಾರ, ಸೆಪ್ಟೆಂಬರ್ 11. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಮಗ ಫೋನು ಹಿಡಿದು ಮೆಟ್ಟಿಲಿಳಿದು ಬಂದ, ಮುಖ ಬಿಳಚಿಕೊಂಡಿತ್ತು. ತಂಡದ ಬ್ರ್ಯಾಂಡನ್ ಜಾಕ್ಸನ್ ಎಂಬ ಆಟಗಾರ, ನ್ಯೂಯಾರ್ಕಿನ ಕ್ವೀನ್ಸ್‌ನ ಹುಡುಗ, ಹಿಂದಿನ ರಾತ್ರಿ ಕಳೆದು ಬೆಳಗಾಗುವ ಮೊದಲೇ ಕ್ರೋಟನ್ ಬಳಿ ಕಾರು ಅಪಘಾತದಲ್ಲಿ ತೀರಿಹೋಗಿದ್ದ. ಇಪ್ಪತ್ತು ವರ್ಷ. ಅಂಗಿಯ ಸಂಖ್ಯೆ 28. ಹಿಂದಿನ ದಿನವಷ್ಟೇ ಗೆದ್ದ ತಂಡದ ಹುಡುಗ.

ಎಮರ್ಜೆನ್ಸಿ ವಿಭಾಗದ ಪಕ್ಕದ ಸಣ್ಣ ಕೋಣೆಯಲ್ಲಿ ತಂದೆ ತಾಯಂದಿರನ್ನು ಕೂರಿಸಿ ಇಂಥ ಸುದ್ದಿ ಹೇಳುವ ಕೆಲಸ ನನ್ನ ವೃತ್ತಿಯಲ್ಲಿ ಎಷ್ಟೋ ಸಲ ಬಂದಿದೆ. ಆ ಕೋಣೆಯಲ್ಲಿ ಒಂದು ಟಿಶ್ಯೂ ಡಬ್ಬಿ, ನಾಲ್ಕು ಕುರ್ಚಿ ಇರುತ್ತವೆ, ಮತ್ತೇನೂ ಇರುವುದಿಲ್ಲ. ನಾನು ನನ್ನ ಮಗನನ್ನು ಯುದ್ಧದಿಂದ ಕಾಪಾಡಲು ಹೊರಟಿದ್ದೆ. ಈ ಹುಡುಗ ಯುದ್ಧಕ್ಕೆ ಹೋಗಿರಲಿಲ್ಲ, ನಮ್ಮೆಲ್ಲರ ಮಕ್ಕಳು ದಿನವೂ ಓಡಿಸುವ ರಸ್ತೆಯ ಮೇಲೆ ಹೋಗಿಬಿಟ್ಟ. ಅವತ್ತು ಸಂಜೆ ಮಗ ಗ್ರೋಸರಿ ತರಲು ಕಾರಿನ ಕೀಲಿ ಕೇಳಿದಾಗ ನಾನು ಕೊಡಲು ಒಂದು ಕ್ಷಣ ತಡಮಾಡಿದೆ.

ಆರು ದಿನ ಕಳೆದು, ಸೆಪ್ಟೆಂಬರ್ 17ರಂದು ತಂಡ ಟೆಕ್ಸಾಸಿನ ಎಲ್ ಪಾಸೊದಲ್ಲಿ ಆಡಬೇಕಿತ್ತು. ಆಡಿತು. 28ನೇ ಸಂಖ್ಯೆಯ ಅಂಗಿಯನ್ನು ಜೊತೆಗೆ ತೆಗೆದುಕೊಂಡು ಮೈದಾನಕ್ಕೆ ಬಂದು, 66-14ರಿಂದ ಗೆದ್ದಿತು. ಅಂಕಗಳ ಸಂಭ್ರಮ ಆ ದಿನ ನಮ್ಮ ಮನೆಯಲ್ಲಿರಲಿಲ್ಲ. ಆ ಹುಡುಗರು ಹೇಗೆ ಅಷ್ಟು ಬೇಗ ಎದ್ದು ನಿಂತರು ಎಂದು ಮಾತ್ರ ನೋಡುತ್ತಾ ಕುಳಿತೆವು.

ಸಿನಿಮಾದಲ್ಲಾಗಿದ್ದರೆ ಅಲ್ಲಿಂದಾಚೆಗೆ ತಂಡ ಎಲ್ಲವನ್ನೂ ಗೆಲ್ಲಬೇಕಿತ್ತು. ಜೀವನ ಹಾಗಿರುವುದಿಲ್ಲವಲ್ಲ! ಮುಂದಿನ ವಾರವೇ ಬಫಲೋದಲ್ಲಿ ಹೆಚ್ಚುವರಿ ಸಮಯದಲ್ಲಿ 23-20ರಿಂದ ಸೋತರು. ಡ್ಯೂಕ್ ವಿರುದ್ಧ ಮಳೆಯಲ್ಲಿ ತೊಯ್ದು 13-6ರಿಂದ ಸೋತರು. ಲಫಾಯೆಟ್ ಮೇಲೆ 62-7ರ ಭರ್ಜರಿ ಗೆಲುವು. ಅದರ ಮುಂದಿನ ವಾರ ನಾರ್ತ್ ಟೆಕ್ಸಾಸ್ ತಂಡ ಮೈಕಿ ಸ್ಟೇಡಿಯಂಗೇ ಬಂದು 35-18ರಿಂದ ಮಣ್ಣು ಮುಕ್ಕಿಸಿತು. ಆ ಪಂದ್ಯಕ್ಕೆ ನಾವು ಹೋಗಿದ್ದೆವು. ಕೊನೆಗೆ ಆಟಗಾರರು ಕೆಡೆಟ್‌ಗಳ ಮುಂದೆ ಬಂದು ನಿಂತು ಕಾಲೇಜಿನ ಗೀತೆ ಹಾಡಿದರು. ಸೋತ ಮುಖದಲ್ಲೇ ಹಾಡಿದರು, ಆದರೆ ಒಬ್ಬನೂ ತಲೆ ತಗ್ಗಿಸಲಿಲ್ಲ.

ಅಕ್ಟೋಬರ್ 29 ನರಕ ಚತುರ್ದಶಿ. ಆ ವಾರಾಂತ್ಯದ ದೀಪಾವಳಿ ಕಾರ್ಯಕ್ರಮದಲ್ಲಿ ನಾನು ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಒಂದು ಪುಟ್ಟ ಮಗುವಿನ ಭರತನಾಟ್ಯದ ನಡುವೆ ನಾನು ಕುರ್ಚಿಯಿಂದ ಅರ್ಧ ಎದ್ದು "ಭಲೇ!" ಎಂದು ಕೂಗಿದ್ದೆ. ಮಗುವಿನ ತಾಯಿ ಆಮೇಲೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಥ್ಯಾಂಕ್ಸ್ ಹೇಳಿದರು. ಈಗ ಸತ್ಯ ಹೇಳಿಬಿಡುತ್ತೇನೆ, ಕ್ಷಮಿಸಬೇಕು. ಹಿಂದಿನ ಸಾಲಿನಿಂದ ಮಗ ಫೋನು ತೋರಿಸಿದ್ದ. ವೇಕ್ ಫಾರೆಸ್ಟ್ ಮೇಲೆ ಆರ್ಮಿ 21-13ರಿಂದ ಗೆದ್ದಿತ್ತು.

ಹಾಗೆಂದು ನನ್ನ ಮನಸ್ಸು ಬದಲಾಗಿತ್ತು ಎಂದುಕೊಳ್ಳಬೇಡಿ. ನವೆಂಬರ್ 5ರಂದು ವಾಯುಪಡೆಯ ಕಾಲೇಜಿನವರ ಕೈಯಲ್ಲಿ 31-12ರಿಂದ, ಮುಂದಿನ ವಾರ ನೋಟರ್ ಡೇಮ್ ಕೈಯಲ್ಲಿ 44-6ರಿಂದ ಸೋತಾಗ ನನಗೆ ಒಳಗೇ ಒಂದು ನೆಮ್ಮದಿ. ನೋಟರ್ ಡೇಮ್ ಪಂದ್ಯದ ನಡುವೆ ನಾನು ರಿಮೋಟ್ ತೆಗೆದುಕೊಂಡು "ಇನ್ನೇನು ನೋಡೋದು ಬಿಡು" ಎಂದೆ. ಮಗ "ಅವರು ಇನ್ನೂ ಆಡ್ತಾ ಇದ್ದಾರಲ್ಲಪ್ಪಾ" ಎಂದ. ರಿಮೋಟ್ ಕೆಳಗಿಟ್ಟೆ.

ಇದೇ ದಿನಗಳಲ್ಲಿ ಅವನ ಅರ್ಜಿಯ ಕೆಲಸವೂ ಸಾಗಿತ್ತು. ವೆಸ್ಟ್ ಪಾಯಿಂಟಿಗೆ ಅಂಕವೊಂದೇ ಸಾಲದು, ಸಂಸದರ ಅಥವಾ ಸೆನೆಟರರ ಶಿಫಾರಸು ಬೇಕು, ಓಟ, ದಂಡೆ, ಕಸರತ್ತಿನ ಪರೀಕ್ಷೆ ಬೇಕು, ವೈದ್ಯಕೀಯ ತಪಾಸಣೆ ಬೇಕು. ತಪಾಸಣೆಗೆ ನಾನೇ ಕರೆದುಕೊಂಡು ಹೋದೆ. ಹೊರಗೆ ಕಾಯುತ್ತಾ ಕುಳಿತಿದ್ದಾಗ, ಒಳಗಡೆ ಇಶಿಹಾರಾ ಪುಸ್ತಕ ತೆರೆದಿರುತ್ತಾರೆ ಎಂಬುದು ನೆನಪಾಯಿತು. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಈವರೆಗೆ ಹೆಂಡತಿಗೂ ಹೇಳಿಲ್ಲ. 'ಅವನಿಗೂ ಅಂಕಿ ಕಾಣದಿರಲಿ' ಎಂದು ಬಯಸಿದೆ.

ಎಂಥ ಮೂರ್ಖ ಬಯಕೆ ನೋಡಿ. ಎಂ.ಡಿ. ಮಾಡಿದವನು ನಾನು. ಕೆಂಪು-ಹಸಿರು ವರ್ಣಾಂಧತೆಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ತಂದೆ ಮಗನಿಗೆ ಕೊಡುವುದು ವೈ ವರ್ಣತಂತುವನ್ನು. ಅಂದರೆ ನನ್ನ ಕಣ್ಣಿನ ದೋಷ ಮಗಳಿದ್ದಿದ್ದರೆ ಅವಳ ಮೂಲಕ ಮೊಮ್ಮಗನಿಗೆ ಹೋಗಬಹುದಿತ್ತು, ನನ್ನಿಂದ ನನ್ನ ಮಗನಿಗೆ ಬರಲು ಸಾಧ್ಯವೇ ಇಲ್ಲ. ವಿದ್ಯಾರ್ಥಿಗಳಿಗೆ ನಾನೇ ಪಾಠ ಹೇಳಿದ ವಿಷಯ. ಪ್ರಕೃತಿ ನನ್ನ ಸೋಲನ್ನು ಅವನಿಗೆ ದಾಟಿಸಿರಲಿಲ್ಲ. ದಾಟಿಸಲು ಹೊರಟವನು ನಾನು. ಅವನು ಹೊರಗೆ ಬಂದು "ಎಲ್ಲಾ ಓಕೆ ಅಪ್ಪಾ" ಎಂದಾಗ ನಾನು ನಾಚಿಕೆಯಿಂದ ಕಾರಿನ ಕೀಲಿ ಹುಡುಕುವ ನಟನೆ ಮಾಡಿದೆ.

ಉಳಿದದ್ದು ದೊಡ್ಡ ಪಂದ್ಯ. ಆರ್ಮಿ ತಂಡಕ್ಕೆ ಇಡೀ ಸೀಸನ್ ಒಂದು ತೂಕವಾದರೆ, ನೇವಿ ವಿರುದ್ಧದ ಪಂದ್ಯವೇ ಒಂದು ತೂಕ. ಆರ್ಮಿ ಕೊನೆಯದಾಗಿ ಗೆದ್ದದ್ದು 2001ರಲ್ಲಿ. 2002ರಿಂದ 2015ರವರೆಗೆ ಸತತ ಹದಿನಾಲ್ಕು ಸೋಲು. 2015ರಲ್ಲಂತೂ 21-17, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಡುವೆ ಆಡಿ ಹೋದ ಎಷ್ಟೋ ಹುಡುಗರು ಒಮ್ಮೆಯೂ ನೇವಿಯನ್ನು ಸೋಲಿಸದೆಯೇ ಪದವಿ ಪಡೆದು ಇರಾಕಿಗೋ ಅಫ್ಘಾನಿಸ್ತಾನಕ್ಕೋ ಹೊರಟುಹೋಗಿದ್ದರು.

2016ರ ಡಿಸೆಂಬರ್ 10. ನಸುಕಿನಲ್ಲೇ ಎದ್ದು, ಹೆಂಡತಿ ಕಟ್ಟಿಕೊಟ್ಟ ಚಪಾತಿ ಪಲ್ಯ, ಶೇಂಗಾ ಚಟ್ನಿ ಇಟ್ಟುಕೊಂಡು ಬಾಲ್ಟಿಮೋರಿಗೆ ಹೊರಟೆವು. ದಾರಿಯಲ್ಲಿ ಎಲ್ಲೋ ನ್ಯೂಜೆರ್ಸಿಯ ಕತ್ತಲಲ್ಲಿ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ, ನಾನು ಮಗನಿಗೆ ಬಿಜಾಪುರದ ಕತೆ ಹೇಳಿದೆ. ಚುಕ್ಕೆಗಳ ಪುಸ್ತಕ, 'ಅನ್‌ಫಿಟ್' ಎಂಬ ಪದ, ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದ ಅವನ ತಾತ. ನಾನು ಸೈನಿಕ ಶಾಲೆಯಲ್ಲಿ ಓದಿದ್ದು ಅವನಿಗೆ ಗೊತ್ತಿತ್ತು. ಮಿಕ್ಕದ್ದು ಗೊತ್ತಿರಲಿಲ್ಲ. ತಪಾಸಣೆಯ ದಿನ ನಾನು ಬಯಸಿದ್ದನ್ನೂ ಹೇಳಿಬಿಟ್ಟೆ. ತುಂಬಾ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ "ನೀವು ಮೊದಲೇ ಹೇಳಬಹುದಿತ್ತು ಅಪ್ಪಾ" ಎಂದು, ಥರ್ಮಾಸಿನಿಂದ ಚಹಾ ಬಗ್ಗಿಸಿ ನನ್ನ ಕೈಗಿತ್ತ.

ಪಂದ್ಯಕ್ಕೆ ಮೊದಲು ಎರಡೂ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳು ಮೈದಾನದಲ್ಲಿ ಕವಾಯತು ಮಾಡುತ್ತಾ ಬಂದು ನಿಲ್ಲುತ್ತಾರೆ. ಈ ಸಲ ನಾನು ಕಪ್ಪು ಕನ್ನಡಕ ಹಾಕಿಕೊಳ್ಳಲಿಲ್ಲ. ಆರ್ಮಿ ಮೊದಲಾರ್ಧದಲ್ಲಿ 14-0 ಮುಂದಿತ್ತು. ದ್ವಿತೀಯಾರ್ಧದಲ್ಲಿ ನೇವಿ ಒಂದೊಂದಾಗಿ ತೀರಿಸುತ್ತಾ ಬಂದು 17-14 ಮುಂದೆ ಹೋಯಿತು. ಪಕ್ಕದ ಹಿರಿಯರೊಬ್ಬರು "ಇದನ್ನು ನಾನು ಹದಿನಾಲ್ಕು ಸಲ ನೋಡಿದ್ದೇನೆ" ಎಂದು ಗೊಣಗಿಕೊಂಡರು. ಆದರೆ ಹುಡುಗರು ಮತ್ತೆ ಹೊಲ ಹರಗಲು ನಿಂತರು. ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಆರು ನಿಮಿಷ ಚಿಲ್ಲರೆ ಉಳಿದಿದ್ದಾಗ ಕ್ವಾರ್ಟರ್‌ಬ್ಯಾಕ್ ಅಹ್ಮದ್ ಬ್ರಾಡ್‌ಶಾ ಚೆಂಡನ್ನು ತಾನೇ ಹಿಡಿದು ಒಂಬತ್ತು ಗಜ ಓಡಿ ಗೆರೆ ದಾಟಿದ. 21-17. ಹಿಂದಿನ ವರ್ಷ ಸೋತ ಅದೇ ಅಂಕಗಳು, ಈ ಸಲ ತಿರುಗುಮುರುಗಾಗಿ!

ಮುಗಿದಾಗ ಬೂದು ಕೋಟಿನ ಕೆಡೆಟ್‌ಗಳು ಕಟ್ಟೆಯೊಡೆದ ನೀರಿನಂತೆ ಮೈದಾನಕ್ಕೆ ನುಗ್ಗಿದರು. ನಾನು ಪಕ್ಕದ ಆ ಹಿರಿಯರನ್ನು ತಬ್ಬಿಕೊಂಡಿದ್ದೆ. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ.

ಆದರೆ ನನಗೆ ಮರೆಯಲಾಗದ್ದು ಅದರ ನಂತರ ನಡೆದದ್ದು. ಈ ಪಂದ್ಯದ ಕೊನೆಗೆ ಒಂದು ಸಂಪ್ರದಾಯವಿದೆ. ಗೆದ್ದವರು ಸೋತವರು ಎರಡೂ ತಂಡಗಳು ಮೊದಲು ಸೋತ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಹೋಗಿ ನಿಲ್ಲಬೇಕು. ಸೋತವರ ಗೀತೆ ಮೊದಲು. ಅದು ಮುಗಿಯುವವರೆಗೆ ಗೆದ್ದವರು ಗೌರವದಿಂದ ನಿಂತಿರಬೇಕು. ಆಮೇಲೆ ಎಲ್ಲರೂ ಆಚೆ ಬದಿಗೆ ಹೋಗಿ ಗೆದ್ದವರ ಗೀತೆ. ಅದಕ್ಕೇ ಇವರ ಬಾಯಲ್ಲಿ ಗೆಲ್ಲುವುದು ಎಂದರೆ 'ಎರಡನೆಯದಾಗಿ ಹಾಡುವುದು'. ಹದಿನಾಲ್ಕು ವರ್ಷ ಮೊದಲು ಹಾಡಿದ ಆರ್ಮಿ ಅವತ್ತು ಎರಡನೆಯದಾಗಿ ಹಾಡಿತು. ಗಂಟೆ ಮೊದಲು ಒಬ್ಬರನ್ನೊಬ್ಬರು ಕೆಡವಿಕೊಂಡ ಹುಡುಗರು ಅಕ್ಕಪಕ್ಕ ನಿಂತಿದ್ದರು. ನಾಳೆ ಅವರೆಲ್ಲ ಒಂದೇ ದೇಶದ ಸೇವೆಗೆ ಹೋಗುವವರು.

ಆಗ ನನಗೆ ಅನಿಸಿತು, ನಾನು ನನ್ನ ಸೋಲಿನ ಮುಂದೆ ಮೂವತ್ತು ವರ್ಷ ಒಮ್ಮೆಯೂ ನಿಂತಿರಲಿಲ್ಲ. ಅದರ ಹಾಡು ಕೇಳಲು ಬಿಡದೆ ಚಾನೆಲ್ ಬದಲಾಯಿಸುತ್ತಾ ಬಂದಿದ್ದೆ. ಮೊದಲನೆಯ ಹಾಡಿಗೆ ನಿಲ್ಲದವನಿಗೆ ಎರಡನೆಯದು ಎಲ್ಲಿಂದ ಬರಬೇಕು? ಮಗನ ಹೆಗಲ ಮೇಲೆ ಕೈಯಿಟ್ಟು "ಅಪ್ಲಿಕೇಶನ್ನಿನಲ್ಲಿ ಇನ್ನೇನು ಬಾಕಿ ಇದೆಯೋ?" ಎಂದು ಕೇಳಿದೆ. ಅವನು ಉತ್ತರ ಹೇಳಲಿಲ್ಲ, ನನ್ನನ್ನು ಅಪ್ಪಿಕೊಂಡ. ಅವನು ನನಗಿಂತ ಎತ್ತರವಾಗಿದ್ದಾನೆ ಎಂಬುದು ಅವತ್ತೇ ಗಮನಕ್ಕೆ ಬಂದದ್ದು.

ಸೀಸನ್ ಅಲ್ಲಿಗೇ ಮುಗಿಯಲಿಲ್ಲ. ಡಿಸೆಂಬರ್ 27ರಂದು ಡಲ್ಲಾಸಿನಲ್ಲಿ, ಅಕ್ಟೋಬರಿನಲ್ಲಿ ತಮ್ಮನ್ನು ಮನೆಯಂಗಳದಲ್ಲೇ ಸೋಲಿಸಿದ್ದ ನಾರ್ತ್ ಟೆಕ್ಸಾಸ್ ತಂಡದ ಮೇಲೆ ಹೆಚ್ಚುವರಿ ಸಮಯದಲ್ಲಿ 38-31ರಿಂದ ಗೆದ್ದರು. ಎಂಟು ಗೆಲುವು, ಐದು ಸೋಲು. 2010ರ ಬಳಿಕ ಸೋಲಿಗಿಂತ ಗೆಲುವು ಹೆಚ್ಚಾದ ಮೊದಲ ವರ್ಷ. ಪುಸ್ತಕಗಳಲ್ಲಿ ಇದೊಂದು ಮಹಾನ್ ದಾಖಲೆಯೇನಲ್ಲ. ನಮ್ಮ ಮನೆಯ ದಾಖಲೆಯಲ್ಲಿ ಇದಕ್ಕಿಂತ ದೊಡ್ಡದಿಲ್ಲ.

2017ರ ಬೇಸಿಗೆಯಲ್ಲಿ ಅವನನ್ನು ವೆಸ್ಟ್ ಪಾಯಿಂಟಿಗೆ ಬಿಟ್ಟು ಬಂದೆವು. ಅಲ್ಲಿ ತಂದೆ ತಾಯಿಗೆ ವಿದಾಯ ಹೇಳಲು ಎರಡು ನಿಮಿಷವೂ ಕೊಡುವುದಿಲ್ಲ. ನನ್ನಾಕೆ ಹಣೆಗೆ ವಿಭೂತಿ ಹಚ್ಚಿದಳು. ನನಗೆ ಹೇಳಬೇಕೆಂದಿದ್ದ ಭಾಷಣವೆಲ್ಲ ಮರೆತು "ಬೂಟು ಸರಿಯಾಗಿ ಪಾಲಿಶ್ ಮಾಡು" ಎಂದಷ್ಟೇ ಬಾಯಿಗೆ ಬಂತು. ಆ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದ ಹಿಮದಲ್ಲಿ ಆರ್ಮಿ ಮತ್ತೆ ನೇವಿಯನ್ನು 14-13ರಿಂದ ಸೋಲಿಸಿದಾಗ, ಟಿವಿಯಲ್ಲಿ ಕಂಡ ಸಾವಿರಾರು ಬೂದು ಕೋಟುಗಳಲ್ಲಿ ಒಂದು ನಮ್ಮದಾಗಿತ್ತು. ಯಾವುದು ಎಂದು ಅವ್ವ ಊರಿನಿಂದ ಫೋನು ಮಾಡಿ ಕೇಳಿದಳು. "ಎಲ್ಲಾ ನಿನ್ನ ಮೊಮ್ಮಕ್ಕಳೇ ಅಂತ ತಿಳಿ" ಎಂದೆ.

2020ರಲ್ಲಿ ಕೋವಿಡ್ ಬಂದಾಗ ಅಪಾಯದ ಲೆಕ್ಕ ತಿರುವುಮುರುವಾಯಿತು. ಆ ಏಪ್ರಿಲ್‌ನಲ್ಲಿ ನಾನು ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೆ, ಸೈನ್ಯದ ಹುಡುಗ ನನ್ನ ಚಿಂತೆ ಮಾಡುತ್ತಿದ್ದ. ಪ್ರತಿ ರಾತ್ರಿ ಫೋನು ಮಾಡಿ "ಅಪ್ಪಾ, ಮಾಸ್ಕ್ ಸರಿಯಾಗಿ ಹಾಕಿದ್ರಾ?" ಎಂದು ಕೇಳುತ್ತಿದ್ದ. ಆ ವರ್ಷದ ಆರ್ಮಿ-ನೇವಿ ಪಂದ್ಯ ಮೈಕಿ ಸ್ಟೇಡಿಯಂನಲ್ಲೇ ನಡೆಯಿತು. 1943ರ ನಂತರ ಅಲ್ಲಿ ನಡೆದದ್ದು ಅದೇ ಮೊದಲು. ನದಿಯ ಈಚೆ ದಂಡೆಯಲ್ಲೇ ಇದ್ದರೂ ನಮಗೆ ಪ್ರವೇಶವಿರಲಿಲ್ಲ, ಎರಡೂ ಕಾಲೇಜಿನ ವಿದ್ಯಾರ್ಥಿಗಳು ಮಾತ್ರ. ದಟ್ಟ ಮಂಜಿನ ನಡುವೆ ಆರ್ಮಿ 15-0ಯಿಂದ ಗೆದ್ದಿತು. ನಾನು ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿ, ಟಿವಿಯ ಮುಂದೆ ಎದ್ದು ನಿಂತು ಎರಡೂ ಹಾಡುಗಳನ್ನು ಕೇಳಿದೆ.

2021ರ ಮೇ ತಿಂಗಳಲ್ಲಿ ಅದೇ ಸ್ಟೇಡಿಯಂನಲ್ಲಿ ಅವನು ಬಿಳಿ ಟೋಪಿಯನ್ನು ಆಕಾಶಕ್ಕೆ ಎಸೆದ. ಈಗ ಕ್ಯಾಪ್ಟನ್. ಭಯ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ರಾತ್ರಿ ಫೋನು ಸದ್ದಾದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಇದಕ್ಕೆ ನನ್ನ ಶಾಸ್ತ್ರದಲ್ಲಿ ಔಷಧವಿಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಈ ವರ್ಷ ಹನ್ನೆರಡನೇ ತರಗತಿಯ ಮಕ್ಕಳಿದ್ದಾರೆ. ಊಟದ ಮೇಜಿನಲ್ಲಿ ಜಗಳ ನಡೆಯುತ್ತಿರಬಹುದು. ಒಬ್ಬಳಿಗೆ ಸಂಗೀತ ಬೇಕು, ಒಬ್ಬನಿಗೆ ಅಡುಗೆ ಕಲಿಯಬೇಕು. ಬೇಡ ಎನ್ನುವ ಮೊದಲು ಒಂದು ಸೀಸನ್ ಅವರ ಪಕ್ಕದಲ್ಲಿ ಕುಳಿತು ನೋಡಿ. ಬೇಡ ಎನ್ನುತ್ತಿರುವುದು ಅವರ ಒಳ್ಳೆಯದೋ, ನಮ್ಮ ಹಳೆಯ ಗಾಯವೋ ಎಂದು ಒಮ್ಮೆ ತಪಾಸಣೆ ಮಾಡಿಕೊಳ್ಳಿ. ಡಾಕ್ಟರ ಲೇಖನ ಎಂದ ಮೇಲೆ ಒಂದಾದರೂ ತಪಾಸಣೆ ಬರೆಯದಿದ್ದರೆ ಹೇಗೆ?

ಹೋಳಿಗೆ ಮಾತ್ರ ಒಂದೇ ಸಾಕು. ಹಬ್ಬದ ಶುಭಾಶಯಗಳು.